ಕೊಯ್ದ ಮೂಗು ಕಲಿಸಿದ ಪಾಠ

ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾಲಿಟ್ಟವರಿಗೆ ಯುದ್ಧದ ಗುರುತುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಬ್ರಿಟಿಷರ ಫಿರಂಗಿಗಳು ಒಡೆದ ಗೋಡೆ, ಟಿಪ್ಪು ಸುಲ್ತಾನನ ದೇಹ ಸಿಕ್ಕಿದ ಜಾಗ, ಕರ್ನಲ್ ಬೇಲಿಯ ಹೆಸರಿನ ಸೆರೆಮನೆ, ಕಾವೇರಿಯ ದಂಡೆಯಲ್ಲಿರುವ ಗ್ಯಾರಿಸನ್ ಸ್ಮಶಾನ. ಗೆದ್ದವರಿಗೂ ಸತ್ತವರಿಗೂ ಇಲ್ಲಿ ಕಲ್ಲುಗಳಿವೆ. ಇವೆರಡರ ನಡುವೆ ಇದ್ದ ಮೂರನೆಯ ಗುಂಪಿಗೆ, ಅಂದರೆ ಗಾಯಗೊಂಡು ಬದುಕುಳಿದವರಿಗೆ, ಯಾವ ಗುರುತೂ ಇಲ್ಲ. ಆದರೆ ಈ ಮಣ್ಣಿನ ಯುದ್ಧದಲ್ಲಿ ಗಾಯಗೊಂಡ ಒಬ್ಬ ಸಾಮಾನ್ಯ ಆಳಿನ ಮುಖ ಜಗತ್ತಿನ ಶಸ್ತ್ರವೈದ್ಯದ ಚರಿತ್ರೆಯಲ್ಲಿ ಅಚ್ಚಾಗಿ ಉಳಿದಿದೆ. ಅವನ ಹೆಸರು ಕಾವಸ್‌ಜಿ. ಅವನು ಸೈನಿಕನಲ್ಲ, ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದವನು.

ಯುದ್ಧಭೂಮಿಯಲ್ಲಿ ಗಾಯಗೊಂಡವನನ್ನು ಉಳಿಸುವ ವಿದ್ಯೆ ಯಾರ ಕೈಯಲ್ಲಿತ್ತು, ಅದನ್ನು ಯಾರು ಯಾರಿಗೆ ಕಲಿಸಿದರು, ಯಾರಿಗೆ ಕಲಿಸಲಿಲ್ಲ ಎಂಬ ಪ್ರಶ್ನೆಗಳಿಗೆ ಕಾವಸ್‌ಜಿಯ ಕತೆ ಒಂದು ಬಾಗಿಲು ತೆರೆಯುತ್ತದೆ.

ದಂಡು ಹಾದ ನಾಡು

ಇಂದಿನ ಮಂಡ್ಯ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗದ ತಾಲ್ಲೂಕುಗಳು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ದಂಡುಗಳ ಹಾದಿಯಾಗಿದ್ದವು. ರಾಜಧಾನಿ ಶ್ರೀರಂಗಪಟ್ಟಣವನ್ನು ಮುಟ್ಟಲು ಬಂದವರೆಲ್ಲ ಸುತ್ತಲಿನ ಊರುಗಳನ್ನು ತುಳಿದೇ ಬರಬೇಕಿತ್ತು. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯ ಕಡೆಯಿಂದ ಹಿಂದೆ ಸರಿಯುತ್ತಿದ್ದ ಹೈದರ್ ಅಲಿಯ ಸೇನೆಯನ್ನು ಮರಾಠರು ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ಚೆಲ್ಲಾಪಿಲ್ಲಿ ಮಾಡಿದರು. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿದ್ದ ಕಾರಣ ಅದಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಅಂಟಿಕೊಂಡಿತು. ನಾಗಮಂಗಲವನ್ನು 1792ರಲ್ಲಿ ಮರಾಠ ಸೇನೆ ಹಾಳುಗೆಡವಿದ್ದನ್ನು ಗೆಝೆಟಿಯರ್‌ಗಳು ದಾಖಲಿಸಿವೆ. ಅತ್ತಿಕುಪ್ಪೆ ಎಂಬ ಹಳೆಯ ಹೆಸರಿನ ಕೃಷ್ಣರಾಜಪೇಟೆಯ ಸೀಮೆಯೂ ರಾಜಧಾನಿಯ ಮಗ್ಗುಲಲ್ಲೇ ಇತ್ತು.

1791ರ ಮೇ 15ರಂದು ಶ್ರೀರಂಗಪಟ್ಟಣದ ಪೂರ್ವಕ್ಕಿರುವ ಅರಕೆರೆಯ ಬಳಿ ಕಾರ್ನ್‌ವಾಲಿಸನ ಸೇನೆಗೂ ಟಿಪ್ಪುವಿನ ಸೇನೆಗೂ ಕಾಳಗವಾಯಿತು. ಮೈದಾನದಲ್ಲಿ ಗೆದ್ದರೂ ಕಾರ್ನ್‌ವಾಲಿಸನಿಗೆ ಕೋಟೆಯನ್ನು ಮುಟ್ಟಲಾಗಲಿಲ್ಲ. ಮಳೆ ಹಿಡಿಯಿತು. ಸೈನ್ಯದಲ್ಲಿ ಸಿಡುಬು ಹರಡಿತು. ದನಗಳಿಗೆ ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವ ಎತ್ತುಗಳೇ ಇಲ್ಲವಾದಾಗ, ಇಂದು ಕೃಷ್ಣರಾಜಸಾಗರದ ನೀರಿನಡಿ ಇರುವ ಹಳೆಯ ಕನ್ನಂಬಾಡಿಯ ಬಳಿ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಬೆಂಗಳೂರಿನತ್ತ ಹಿಂತಿರುಗಿದ.

ಆ ಕಾಲದ ಯುದ್ಧದಲ್ಲಿ ಎತ್ತಿನ ಬೆಲೆ ಏನಿತ್ತೆಂಬುದಕ್ಕೆ ಇದೊಂದೇ ಘಟನೆ ಸಾಕು. ಅಕ್ಕಿ, ಮದ್ದು, ಗುಂಡು, ಡೇರೆ ಎಲ್ಲವೂ ಎತ್ತಿನ ಬೆನ್ನಿನ ಮೇಲೆ ಸಾಗುತ್ತಿದ್ದವು. ಆದ್ದರಿಂದ ಮೈಸೂರಿನ ಕುದುರೆ ಸವಾರರು ಶತ್ರುವಿನ ಸಿಪಾಯಿಗಳಿಗಿಂತ ಹೆಚ್ಚಾಗಿ ಅವನ ಸರಬರಾಜಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಎತ್ತು ಹೊಡೆಯುವವನ ಕೈಯಲ್ಲಿ ಕತ್ತಿ ಇರುತ್ತಿರಲಿಲ್ಲ. ಆದರೂ ಅವನು ಯುದ್ಧದ ನಡುವೆಯೇ ಇದ್ದ.

ಮೂಗು ಕೊಯ್ಯುವ ಶಿಕ್ಷೆ

ಮರಾಠ ಮೂಲದವನೆಂದು ದಾಖಲಾಗಿರುವ ಕಾವಸ್‌ಜಿ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯೊಡನೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬೊಂಬಾಯಿ ಸೇನೆಯನ್ನು ಸೇರಿಕೊಂಡ. ಮುಂದೆ ಈಸ್ಟ್ ಇಂಡಿಯಾ ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತು.

ಈ ವಿವರವೆಲ್ಲ ಇಂಗ್ಲಿಷರ ಬರಹದಿಂದ ಬಂದದ್ದು ಎಂಬುದನ್ನು ನೆನಪಿನಲ್ಲಿಡಬೇಕು. ಟಿಪ್ಪುವಿನ ಕ್ರೌರ್ಯವನ್ನು ಎತ್ತಿ ತೋರಿಸುವುದರಲ್ಲಿ ಅವರಿಗೆ ಆಸಕ್ತಿಯಿತ್ತು. ಹಾಗೆಂದು ಮೂಗು ಕೊಯ್ಯುವುದು ಒಬ್ಬ ದೊರೆಯ ಅಥವಾ ಒಂದು ವಂಶದ ಕಂಡುಹಿಡಿಕೆಯಾಗಿರಲಿಲ್ಲ. ಶ್ರೀರಂಗಪಟ್ಟಣದಿಂದಲೇ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1656ರ ಸುಮಾರಿಗೆ, ಮೈಸೂರಿನ ಸೇನೆ ಮಧುರೆಯ ನಾಯಕರ ಸೀಮೆಯ ಮೇಲೆ ದಾಳಿ ಮಾಡಿ ಸಿಕ್ಕವರ ಮೂಗುಗಳನ್ನು ಕೊಯ್ದಿತ್ತು. ರಾಮನಾಡಿನ ಸೇತುಪತಿಯ ನೆರವಿನಿಂದ ಚೇತರಿಸಿಕೊಂಡ ಮಧುರೆಯವರು ತಿರುಗಿಬಿದ್ದು ಮೈಸೂರಿನವರ ಮೂಗುಗಳನ್ನೂ ಹಾಗೆಯೇ ಕೊಯ್ದರು. ತಮಿಳುನಾಡಿನ ಚರಿತ್ರೆಯಲ್ಲಿ ಇದಕ್ಕೆ ‘ಮೂಗು ಕೊಯ್ದ ಯುದ್ಧ’ ಎಂದೇ ಹೆಸರು.

ಮೂಗು ಹೋದವನು ಸಾಯುವುದಿಲ್ಲ. ಶಿಕ್ಷೆಯ ಉದ್ದೇಶವೂ ಅದೇ. ಮಾನ ಹೋದದ್ದಕ್ಕೆ ಕನ್ನಡದಲ್ಲಿ ‘ಮೂಗು ಹೋಯಿತು’ ಎನ್ನುವುದುಂಟು. ಅವನು ಊರಿಗೆ ಮರಳಬೇಕು, ಅವನ ಮುಖ ನೋಡಿ ಉಳಿದವರು ಹೆದರಬೇಕು ಎಂಬುದು ಲೆಕ್ಕ. ಆದ್ದರಿಂದ ಮೂಗನ್ನು ಮರಳಿ ಕಟ್ಟಿಕೊಡುವವನು ಗಾಯಕ್ಕಷ್ಟೇ ಮದ್ದು ಮಾಡುತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ಜನರ ನಡುವೆ ಮತ್ತೆ ಕೂರಿಸುತ್ತಿದ್ದ.

ಪುಣೆಯ ಬಳಿಯ ಕುಶಲಕರ್ಮಿ

ಸುಮಾರು 12 ತಿಂಗಳು ಮೂಗಿಲ್ಲದೆ ಕಳೆದ ಕಾವಸ್‌ಜಿಗೆ ಪುಣೆಯ ಬಳಿ ಹೊಸ ಮೂಗು ಬಂತು. ಅದನ್ನು ಕಟ್ಟಿದವನು ಪದವಿ ಪಡೆದ ವೈದ್ಯನಲ್ಲ, ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ಕುಶಲಕರ್ಮಿ. ಬೊಂಬಾಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರಾದ ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೆ ಈ ಕ್ರಮವನ್ನು ಕಣ್ಣಾರೆ ಕಂಡರು. ಅದರ ವಿವರ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ಜೊತೆಗೆ ಚಿತ್ರಕಾರ ಜೇಮ್ಸ್ ವೇಲ್ಸ್ ಬರೆದಿದ್ದ ಕಾವಸ್‌ಜಿಯ ಮುಖಚಿತ್ರವನ್ನು ಆಧರಿಸಿದ ಅಚ್ಚೂ ಇತ್ತು.

ಪತ್ರಿಕೆ ಕೊಟ್ಟ ವಿವರ ಸ್ಪಷ್ಟವಾಗಿದೆ. ಮೊದಲು ತೆಳುವಾದ ಮೇಣದ ಹಾಳೆಯನ್ನು ಕತ್ತರಿಸಿದ ಮೂಗಿನ ಬುಡದ ಮೇಲೆ ಮೂಗಿನ ಆಕಾರಕ್ಕೆ ಕೂರಿಸುತ್ತಾರೆ. ಆ ಮೇಣವನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಚರ್ಮವನ್ನು ಹಣೆಯಿಂದ ಬಿಡಿಸುತ್ತಾರೆ. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸುತ್ತಾರೆ. ಇಡೀ ವಿದ್ಯೆಯ ಗುಟ್ಟು ಇರುವುದು ಆ ಪಟ್ಟಿಯಲ್ಲಿ. ಬಿಡಿಸಿದ ಚರ್ಮ ಹೊಸ ಜಾಗದಲ್ಲಿ ಬೇರೂರುವತನಕ ಅದಕ್ಕೆ ರಕ್ತ ಹರಿಯುವುದು ಅದರ ಮೂಲಕವೇ. ಮೂಗಿನ ಬುಡದ ಒಣಗಿದ ಅಂಚನ್ನು ಹೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ತಿರುಗಿಸಿ ಕೆಳಗಿಳಿಸಿ ಅಲ್ಲಿ ಕೂರಿಸುತ್ತಾರೆ. ನೀರಿನಲ್ಲಿ ಮೆತ್ತಗೆ ಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಾಕಿ ಜೋಡಿಸುತ್ತಾರೆ. ನಾಲ್ಕು ದಿನ ಅದನ್ನು ಮುಟ್ಟುವುದಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕುತ್ತಾರೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಮೂಗಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ಇಡುತ್ತಾರೆ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುತ್ತಾರೆ.

ಈ ಶಸ್ತ್ರಕ್ರಿಯೆ ಭಾರತದಲ್ಲಿ ಅಪರೂಪವೇನಲ್ಲ, ಬಹುಕಾಲದಿಂದ ನಡೆದು ಬಂದಿದೆ ಎಂದೂ ಅದೇ ವರದಿ ಹೇಳುತ್ತದೆ. ಹಿಮಾಲಯದ ತಪ್ಪಲಿನ ಕಾಂಗ್ಡಾದಲ್ಲೂ ಮೂಗು ಕಟ್ಟುವ ಮನೆತನಗಳಿದ್ದವು.

ಕುಂಬಳಕಾಯಿಯ ಮೇಲೆ ಕಲಿತ ವಿದ್ಯೆ

ಮೂಗು ಕಟ್ಟುವ ಕ್ರಮದ ಅತಿ ಹಳೆಯ ಬರಹ ಸುಶ್ರುತ ಸಂಹಿತೆಯಲ್ಲಿದೆ. ಅಲ್ಲಿ ಮೇಣದ ಬದಲು ಮರದ ಎಲೆಯಿಂದ ಅಳತೆ ತೆಗೆಯುತ್ತಾರೆ, ಚರ್ಮವನ್ನು ಕೆನ್ನೆಯಿಂದ ಬಿಡಿಸುತ್ತಾರೆ, ಉಸಿರಾಟಕ್ಕೆ ಕೊಳವೆಗಳನ್ನು ಇಡುತ್ತಾರೆ. ಹಣೆಯ ಚರ್ಮ ಬಳಸುವ ಪದ್ಧತಿ ಆಮೇಲೆ ಬೆಳೆದದ್ದು.

ಅದಕ್ಕಿಂತ ಗಮನಾರ್ಹವಾದದ್ದು ಸುಶ್ರುತ ಹೇಳುವ ಕಲಿಕೆಯ ಕ್ರಮ. ಶಾಸ್ತ್ರವನ್ನಷ್ಟೇ ಓದಿ ಕೈಕೆಲಸ ಕಲಿಯದವನು ರೋಗಿಯ ಮುಂದೆ ನಿಂತಾಗ ರಣರಂಗಕ್ಕೆ ಬಂದ ಹೇಡಿಯಂತೆ ಕಂಗೆಡುತ್ತಾನೆ ಎನ್ನುವುದು ಅವನ ಅಭಿಪ್ರಾಯ. ಆದ್ದರಿಂದ ಮನುಷ್ಯನ ಮೈಗೆ ಕತ್ತಿ ಮುಟ್ಟಿಸುವ ಮುನ್ನ ಶಿಷ್ಯನಿಗೆ ಅಭ್ಯಾಸ ಮಾಡಿಸಬೇಕು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಕಾಯಿಗಳ ಮೇಲೆ, ಚುಚ್ಚುವುದನ್ನು ನೀರು ಅಥವಾ ಕೆಸರು ತುಂಬಿದ ತೊಗಲಿನ ಚೀಲದ ಮೇಲೆ ಕಲಿಸಬೇಕು. ಹೆರೆಯುವುದಕ್ಕೆ ಕೂದಲಿರುವ ಚರ್ಮ, ರಕ್ತನಾಳ ಬಿಡಿಸುವುದಕ್ಕೆ ಸತ್ತ ಪ್ರಾಣಿಯ ನಾಳ ಮತ್ತು ತಾವರೆಯ ದಂಟು, ಹೊಲಿಯುವುದಕ್ಕೆ ತೆಳು ಮತ್ತು ದಪ್ಪ ಬಟ್ಟೆ ಬೇಕು. ಬ್ಯಾಂಡೇಜು ಕಟ್ಟುವುದನ್ನು ಮನುಷ್ಯನ ಆಕಾರದ ಬೊಂಬೆಯ ಮೇಲೆ ಕಲಿಸಬೇಕು. ಇಂದಿನ ಸೈನಿಕ ತರಬೇತಿ ಕೇಂದ್ರಗಳಲ್ಲಿ ರಬ್ಬರಿನ ಬೊಂಬೆಗೆ ಕೃತಕ ರಕ್ತ ಹರಿಸಿ ಗಾಯ ಕಟ್ಟುವುದನ್ನು ಕಲಿಸುವುದರ ಹಿಂದಿನ ಯೋಚನೆಯೂ ಇದೇ.

ಸುಶ್ರುತ ಸಂಹಿತೆಯಲ್ಲಿ ದಂಡಿನ ವೈದ್ಯನಿಗಾಗಿಯೇ ‘ಯುಕ್ತಸೇನೀಯ’ ಎಂಬ ಒಂದು ಅಧ್ಯಾಯವಿದೆ. ವೈದ್ಯನ ಡೇರೆ ಅರಸನ ಡೇರೆಯ ಪಕ್ಕದಲ್ಲಿರಬೇಕು, ಅದರ ಮೇಲೆ ಬಾವುಟದಂತೆ ಗುರುತು ಹಾರಬೇಕು, ಬಾಣ ತಾಗಿದವರು, ವಿಷ ತಗುಲಿದವರು, ರೋಗಿಗಳು ದೂರದಿಂದಲೇ ಗುರುತಿಸಿ ಬರುವಂತಿರಬೇಕು ಎಂದು ಅದು ಹೇಳುತ್ತದೆ. ಆಸ್ಪತ್ರೆಯ ಮೇಲೆ ಹಾರುವ ಕೆಂಪು ಶಿಲುಬೆಯ ಬಾವುಟ ಬಂದದ್ದು 1864ರ ಜಿನೀವಾ ಒಪ್ಪಂದದ ನಂತರ.

ಇಷ್ಟೆಲ್ಲ ಬರೆದಿಟ್ಟ ನಾಡಿನಲ್ಲಿ ಹದಿನೆಂಟನೆಯ ಶತಮಾನದ ಹೊತ್ತಿಗೆ ವಿದ್ಯೆ ಎರಡು ಪಾಲಾಗಿತ್ತು. ಪುಸ್ತಕ ಒಬ್ಬರ ಬಳಿ, ಕೈಚಳಕ ಇನ್ನೊಬ್ಬರ ಬಳಿ. ಶಾಸ್ತ್ರ ಓದಿದ ಪಂಡಿತರು ರಕ್ತ ಮುಟ್ಟುವ ಕೆಲಸದಿಂದ ದೂರ ಸರಿದಿದ್ದರು. ರಕ್ತ ಮುಟ್ಟುತ್ತಿದ್ದ ಕುಶಲಕರ್ಮಿಗಳ ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತೇ ಹೊರತು ಶಾಲೆಯಾಗಲಿಲ್ಲ. ಕಾವಸ್‌ಜಿಗೆ ಮೂಗು ಕಟ್ಟಿದವನ ಹೆಸರನ್ನು ಪತ್ರಿಕೆ ಬರೆದುಕೊಳ್ಳಲಿಲ್ಲ. ಆದರೆ ಅವನ ಕೆಲಸವನ್ನು ಬರೆದುಕೊಂಡಿತು. ವಿದ್ಯೆ ಊರು ದಾಟಿದ್ದು ಆ ಬರಹದಿಂದ.

ಲಂಡನ್ನಿಗೆ ತಲುಪಿದ ಮೂಗು

ಆ ವರದಿಯ ಜಾಡು ಹಿಡಿದವನು ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ. ಭಾರತದಿಂದ ಮರಳಿದವರನ್ನು ವಿಚಾರಿಸಿದ, ಶವಗಳ ಮೇಲೆ ಅಭ್ಯಾಸ ಮಾಡಿದ, ತಕ್ಕ ರೋಗಿಗಾಗಿ ವರ್ಷಗಟ್ಟಲೆ ಕಾದ. ಕೊನೆಗೆ 1814ರ ಅಕ್ಟೋಬರ್ 23ರಂದು ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ. ಎರಡನೆಯ ರೋಗಿಯೂ ಸೇನಾಧಿಕಾರಿಯೇ. ಸ್ಪೇನಿನ ಅಲ್ಬುಯೇರಾ ಕಾಳಗದಲ್ಲಿ 1811ರಲ್ಲಿ ಕತ್ತಿಯ ಏಟಿಗೆ ಅವನ ಮೂಗು ಹೋಗಿತ್ತು. ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ. ಹಾಗಾಗಿ ಇಬ್ಬರೂ ಎಚ್ಚರವಿದ್ದೇ ಆ ನೋವನ್ನು ಸಹಿಸಿದರು. ಕಾರ್ಪ್ಯೂ 1816ರಲ್ಲಿ ಈ ಎರಡೂ ಶಸ್ತ್ರಕ್ರಿಯೆಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಎರಡು ವರ್ಷಗಳಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ ಈ ವಿಷಯವಾಗಿ ತನ್ನ ಗ್ರಂಥವನ್ನು ಹೊರತಂದ. ಹಣೆಯ ಚರ್ಮದಿಂದ ಮೂಗು ಕಟ್ಟುವ ಕ್ರಮಕ್ಕೆ ಯೂರೋಪಿನಲ್ಲಿ ‘ಭಾರತೀಯ ಪದ್ಧತಿ’ ಎಂಬ ಹೆಸರೇ ನಿಂತಿತು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಹ್ಯಾರೊಲ್ಡ್ ಗಿಲ್ಲೀಸ್ ಮತ್ತು ಸಂಗಡಿಗರು ಮಾಡಿದ ಚಿಕಿತ್ಸೆಯ ಬೇರುಗಳಲ್ಲಿ ಇದೂ ಒಂದು. ಇಂದಿಗೂ ಮೂಗಿನ ದೊಡ್ಡ ಗಾಯಗಳಿಗೆ ವೈದ್ಯರು ಹಣೆಯ ಚರ್ಮವನ್ನೇ ಆಶ್ರಯಿಸುತ್ತಾರೆ.

ಕಾವಸ್‌ಜಿಗೆ ಮೂಗು ಬಂತು. ಕಡಿದ ಕೈ ಬರಲಿಲ್ಲ. ಯುದ್ಧದ ಗಾಯಕ್ಕೆ ವೈದ್ಯ ಮಾಡಬಹುದಾದದ್ದಕ್ಕೆ ಮಿತಿಯಿದೆ ಎಂಬುದನ್ನೂ ಅದೇ ಚಿತ್ರ ಹೇಳುತ್ತದೆ.

ಡೋಲಿಯಲ್ಲಿ ಸಾಗಿದವರು

ಮೂಗು ಕಟ್ಟುವುದು ಗಾಯಗೊಂಡ ವರ್ಷದ ಮೇಲೆ ನಡೆದ ಕೆಲಸ. ಗಾಯವಾದ ಗಳಿಗೆಯಲ್ಲಿ ಏನಾಗುತ್ತಿತ್ತು? 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಸಾಲಿನ ಮೇಲೆ ನಡೆದ ದಾಳಿಯಲ್ಲಿ ಬ್ರಿಟಿಷರ ಕಡೆಯೇ ಸತ್ತವರೂ ಗಾಯಗೊಂಡವರೂ ಸೇರಿ 500ಕ್ಕೂ ಹೆಚ್ಚು. ಕತ್ತಲಲ್ಲಿ ಬಿದ್ದವರನ್ನು ಹುಡುಕಿ ತರುತ್ತಿದ್ದವರು ಡೋಲಿ ಹೊರುವ ಬೋಯಿಗಳು. ಅವರಿಗೆ ಹೊರುವುದನ್ನು ಬಿಟ್ಟು ಬೇರೇನೂ ಕಲಿಸಿರಲಿಲ್ಲ. ರಕ್ತ ತಡೆಯಲು ತಿರುಪಿನಿಂದ ಬಿಗಿಯುವ ಟೂರ್ನಿಕೆಟ್ ಪಟ್ಟಿಯನ್ನು ಫ್ರಾನ್ಸಿನ ಪೆಟಿ 1718ರಲ್ಲೇ ರೂಪಿಸಿದ್ದರೂ ಅದು ಶಸ್ತ್ರವೈದ್ಯನ ಪೆಟ್ಟಿಗೆಯಲ್ಲಿತ್ತು, ಸಿಪಾಯಿಯ ಜೇಬಿನಲ್ಲಿರಲಿಲ್ಲ. ಡೋಲಿ ವೈದ್ಯನ ಡೇರೆ ಮುಟ್ಟುವ ಹೊತ್ತಿಗೆ ಬಹಳ ಮಂದಿಯ ರಕ್ತ ದಾರಿಯಲ್ಲೇ ಬಸಿದಿರುತ್ತಿತ್ತು.

ಸೋತು ಸೆರೆಯಾದವನ ಪಾಡು ಇನ್ನೂ ಕಠಿಣ. 1780ರ ಪೊಳಿಲೂರು ಕಾಳಗದಲ್ಲಿ ಗಾಯಗೊಂಡು ಸಿಕ್ಕಿಬಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗುಂಡನ್ನು ಮೈಯಲ್ಲೇ ಇಟ್ಟುಕೊಂಡು ಕಳೆದ. ಅದನ್ನು ತೆಗೆದದ್ದು 1784ರಲ್ಲಿ ಬಿಡುಗಡೆಯಾದ ಮೇಲೆ. ಅದೇ ಬೇರ್ಡ್ 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ನಾಯಕ. ಆ ದಿನ ಗಾಯಗೊಂಡ ಟಿಪ್ಪುವಿನ ಜೊತೆಗಿದ್ದವನು ಸೇವಕ ರಾಜಾ ಖಾನ್. ತಾನೂ ಗಾಯಗೊಂಡಿದ್ದ ಅವನು, ಗುರುತು ಹೇಳಿ ಶರಣಾದರೆ ಜೀವ ಉಳಿದೀತು ಎಂದು ಸೂಚಿಸಿದ. ಸುಲ್ತಾನ ಒಪ್ಪಲಿಲ್ಲ. ದೇಹ ಸಿಕ್ಕಾಗ ಮೈಮೇಲೆ ಮೂರು ಗಾಯ, ಕಣತಲೆಯ ಮೇಲೆ ಒಂದು ಗಾಯವಿತ್ತು.

ಕಲಿಸುವ ಕೆಲಸ ಶುರುವಾದದ್ದು

ಕಂಪನಿಯ ಸೇನೆಗೆ ಭಾರತೀಯ ಸಹಾಯಕರನ್ನು ಸಾಲಾಗಿ ತರಬೇತು ಮಾಡುವ ಕೆಲಸ ದಕ್ಷಿಣದಲ್ಲಿ ಗಟ್ಟಿಯಾದದ್ದು 1835ರಲ್ಲಿ ಮದರಾಸಿನ ವೈದ್ಯಕೀಯ ಶಾಲೆ ತೆರೆದಾಗ. ಅಲ್ಲಿ ಗಾಯ ಕಟ್ಟುವ ಡ್ರೆಸರುಗಳನ್ನೂ ಔಷಧ ಕೊಡುವವರನ್ನೂ ಸಿದ್ಧಪಡಿಸುತ್ತಿದ್ದರು. 1943ರ ಏಪ್ರಿಲ್ 3ರಂದು ಸೇನೆಯ ವೈದ್ಯರು, ಸಹಾಯಕರು, ಆಸ್ಪತ್ರೆಯ ಆಳುಗಳು ಎಲ್ಲರನ್ನೂ ಒಂದು ಮಾಡಿ ಸೇನಾ ವೈದ್ಯಕೀಯ ದಳ ಹುಟ್ಟಿತು. ಅದರ ತರಬೇತಿ ಕೇಂದ್ರ ಲಖನೌದಲ್ಲಿದೆ. ಕೊರಿಯಾ ಯುದ್ಧದಲ್ಲಿ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನಾಯಕತ್ವದ 60ನೆಯ ಪ್ಯಾರಾ ಫೀಲ್ಡ್ ಆಂಬುಲೆನ್ಸ್‌ನ ವೈದ್ಯರು ಮತ್ತು ಸಹಾಯಕರು 1951ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರ ಜೊತೆ ಪ್ಯಾರಾಚೂಟಿನಲ್ಲಿ ಇಳಿದು ರಣರಂಗದಲ್ಲೇ ಚಿಕಿತ್ಸೆ ನೀಡಿದರು. ಗಾಯಾಳು ವೈದ್ಯನ ಬಳಿಗೆ ಬರುವುದರ ಬದಲು ವೈದ್ಯನೇ ಅವನ ಬಳಿಗೆ ಹೋದ.

ಅದಕ್ಕೂ ಮುಂದಿನ ಹೆಜ್ಜೆ ವೈದ್ಯನಲ್ಲದವನಿಗೆ ಕಲಿಸುವುದು. 2001ರಿಂದ 2011ರವರೆಗೆ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸತ್ತ ಅಮೆರಿಕದ 4,596 ಸೈನಿಕರ ದಾಖಲೆಗಳನ್ನು ಪರಿಶೀಲಿಸಿದಾಗ ಸುಮಾರು ಶೇ 87 ಮಂದಿ ಆಸ್ಪತ್ರೆ ಸೇರುವ ಮೊದಲೇ ಸತ್ತಿದ್ದರೆಂದು ಗೊತ್ತಾಯಿತು. ಹಾಗೆ ಸತ್ತವರಲ್ಲಿ ಸುಮಾರು ಕಾಲು ಭಾಗ ಉಳಿಯಬಹುದಾಗಿದ್ದವರು. ಅಂಥವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಸಾವಿಗೆ ಕಾರಣ ರಕ್ತಸ್ರಾವ. ಇದರಿಂದ ತಿಳಿಯುವುದಿಷ್ಟು. ಗಾಯಗೊಂಡವನನ್ನು ಉಳಿಸುವವನು ಪಕ್ಕದಲ್ಲಿರುವ ಸಂಗಾತಿ. ರಕ್ತ ಚಿಮ್ಮುವ ಕೈಕಾಲಿಗೆ ಪಟ್ಟಿ ಬಿಗಿಯುವುದು, ಆಳದ ಗಾಯಕ್ಕೆ ಬಟ್ಟೆ ತುರುಕಿ ಒತ್ತಿ ಹಿಡಿಯುವುದು, ಉಸಿರಿನ ದಾರಿ ತೆರೆದಿಡುವುದು, ಈ ಮೂರು ಕೆಲಸ ಅವನಿಗೆ ಬಂದರೆ ವೈದ್ಯನಿಗೆ ಚಿಕಿತ್ಸೆ ಮಾಡಲು ಒಬ್ಬ ರೋಗಿ ಉಳಿದಿರುತ್ತಾನೆ. ಭಾರತೀಯ ಸೇನೆಯೂ ಕಾಲ್ದಳದ ಸೈನಿಕರಿಂದಲೇ ಆರಿಸಿ ರಣರಂಗ ಶುಶ್ರೂಷಾ ಸಹಾಯಕರನ್ನು ತರಬೇತು ಮಾಡುತ್ತದೆ.

ಇಂದಿನ ದಾರಿಯಲ್ಲಿ

ದಂಡುಗಳು ಹಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಯುದ್ಧವಿಲ್ಲ. ನಾಗಮಂಗಲ ತಾಲ್ಲೂಕಿನ ಬಾಲಗಂಗಾಧರನಾಥ ನಗರದಲ್ಲಿ 1986ರಿಂದ, ಜಿಲ್ಲಾ ಕೇಂದ್ರ ಮಂಡ್ಯದಲ್ಲಿ 2006ರಿಂದ ವೈದ್ಯಕೀಯ ಕಾಲೇಜುಗಳಿವೆ. ಪುಣೆಯ ಕುಶಲಕರ್ಮಿಯ ಮನೆತನದೊಳಗೆ ಉಳಿದಂಥ ವಿದ್ಯೆ ಇಂದು ತರಗತಿಯಲ್ಲಿದೆ. ಆದರೆ ಗಾಯಗಳು ನಿಂತಿಲ್ಲ. ಶ್ರೀರಂಗಪಟ್ಟಣವನ್ನು ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ವರ್ಷವೇ ಅಪಘಾತಗಳಿಂದ ಸುದ್ದಿಯಾಯಿತು. 108 ವಾಹನ ಬರುವವರೆಗಿನ ಗಳಿಗೆಗಳು 1792ರ ಡೋಲಿಯ ಗಳಿಗೆಗಳಿಗಿಂತ ಬೇರೆಯಲ್ಲ. ಸುತ್ತ ಜನ ನೆರೆಯುತ್ತಾರೆ, ಮುಟ್ಟಲು ಹೆದರುತ್ತಾರೆ. ನೆರವಿಗೆ ಬಂದವರಿಗೆ ಪೊಲೀಸ್ ಮತ್ತು ಕೋರ್ಟಿನ ಕಿರುಕುಳ ಆಗಬಾರದೆಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134-ಎ ಕಲಮು ಸೇರಿಸಲಾಗಿದೆ. ಕಾನೂನು ಭಯವನ್ನು ಕಳೆಯಬಹುದು. ಕೈಗೆ ಕೆಲಸ ಕಲಿಸಬೇಕಾದವರು ಶಾಲೆ, ಕಾಲೇಜು, ಪಂಚಾಯಿತಿಗಳು.

ಕಬ್ಬಿನ ಗಾಡಿ ಹೊಡೆಯುವವನು, ಬಸ್ಸಿನ ಕಂಡಕ್ಟರು, ಹೆದ್ದಾರಿ ಬದಿಯ ಎಳನೀರು ಮಾರುವವನು ಅಪಘಾತದ ಸ್ಥಳವನ್ನು ಮೊದಲು ಮುಟ್ಟುವ ಜನ. ರಕ್ತ ಒತ್ತಿ ಹಿಡಿಯುವುದನ್ನು ಇವರಿಗೆ ಕಲಿಸಲು ಒಂದು ಮಧ್ಯಾಹ್ನ ಸಾಕು. ಇನ್ನೂರು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಎತ್ತು ಹೊಡೆದ ಕಾವಸ್‌ಜಿಯೂ ಇಂಥವರಲ್ಲೇ ಒಬ್ಬನಾಗಿದ್ದ.